ಎರಡನೇ ಸಲ ಮೆಟಾಲಿಕಾ: ಸ್ನೇಕ್ ಪಿಟ್ಟೋ, ಫ್ಲೋರೋ, ಸೀಟೋ?

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ನೋಡಿದವರ ಲೆಕ್ಕ ಸರಳವಿತ್ತು: ವೇದಿಕೆ ಒಂದೇ ಕಡೆ, ಎಷ್ಟು ಮುಂದೆ ನುಗ್ಗಿದರೆ ಅಷ್ಟು ಲಾಭ. 2023ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟ ಎಂ72 ಪ್ರವಾಸದ ಸ್ಟೇಡಿಯಂ ಶೋಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ವೇದಿಕೆ ಬಳೆಯ ಹಾಗೆ ದುಂಡಗೆ, ಮೈದಾನದ ನಡುವೆ. ಬಳೆಯ ಒಳಗಿನ ಜಾಗವೇ ಸ್ನೇಕ್ ಪಿಟ್. ಸುತ್ತ ಎಂಟು ಗೋಪುರ, ಅವುಗಳ ಮೇಲೆ ಪರದೆ ಮತ್ತು ಸ್ಪೀಕರ್.

ಸ್ನೇಕ್ ಪಿಟ್ ಅಂದರೆ ಬ್ಯಾಂಡಿನ ಮಡಿಲಲ್ಲೇ ನಿಂತಂತೆ ಎಂದುಕೊಳ್ಳುತ್ತಾರೆ. ಅರ್ಧ ನಿಜ. ಬಳೆಯ ಮೇಲೆ ನಾಲ್ಕು ಕಡೆ ಡ್ರಮ್ ಕಿಟ್ ಇವೆ, ಡ್ರಮ್ಮರ್ ಲಾರ್ಸ್ ನಡುನಡುವೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾರೆ. ಒಳಗಿದ್ದವರಿಗೆ ಒಬ್ಬರು ಕಣ್ಣೆದುರು, ಇಬ್ಬರು ಬೆನ್ನ ಹಿಂದೆ. ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಬೇಕಾದೀತು. ಗಿಟಾರ್ ಮೇಲೆ ಬೆರಳು ಓಡುವುದನ್ನು ಹತ್ತಿರದಿಂದ ನೋಡುವ ಚಪಲ ಇದ್ದವರಿಗೆ ಮಾತ್ರ ಇದರ ದುಡ್ಡು ಹುಟ್ಟುತ್ತದೆ.

ಫ್ಲೋರಿನಲ್ಲಿ, ಅಂದರೆ ಬಳೆಯ ಹೊರಗೆ ನಿಂತು ನೋಡುವ ಜಾಗದಲ್ಲಿ, ಜನ ಮಾಡುವ ತಪ್ಪು ಡ್ರಮ್ಮರ್ ಹಿಂದೆ ಓಡುವುದು. ಲಾರ್ಸ್ ಆ ಬದಿಗೆ ಹೋದರೆಂದು ಗುಂಪು ಸೀಳಿಕೊಂಡು ಹೊರಟರೆ ತಲುಪುವಷ್ಟರಲ್ಲಿ ಒಂದು ಹಾಡು ಮುಗಿದಿರುತ್ತದೆ, ಬಿಟ್ಟ ಜಾಗವೂ ಹೋಗಿರುತ್ತದೆ. ಒಂದೇ ಕಡೆ ನಿಲ್ಲಿ, ಅವರೇ ಸುತ್ತಿಕೊಂಡು ಬರುತ್ತಾರೆ. ವೇದಿಕೆ ಮುಂದಿನ ತಡೆಕಂಬಿ, ಅಂದರೆ ರೇಲ್ ಹಿಡಿದರೆ ನೋಟ ಚೆನ್ನ, ಆದರೆ ನೀರಿಗೋ ಶೌಚಕ್ಕೋ ಹೋದರೆ ಜಾಗ ವಾಪಸ್ ಸಿಗುವುದಿಲ್ಲ. ರೇಲಿನಿಂದ ಹದಿನೈದು ಇಪ್ಪತ್ತು ಮೀಟರ್ ಹಿಂದೆ, ಜನ ಮೈಗೆ ಮೈ ಡಿಕ್ಕಿ ಹೊಡೆದು ಕುಣಿಯುವ ಮಾಷ್ ಪಿಟ್ಟಿನ ಅಂಚು ಬಿಟ್ಟು ನಿಂತರೆ ಉಸಿರಾಡಲು ಜಾಗ, ಎದುರಿನ ಗೋಪುರದ ಪರದೆಯೂ ಕಾಣುತ್ತದೆ. ಕುಳ್ಳಗಿದ್ದವರಿಗೆ ಮಾತ್ರ ರೇಲೇ ಗತಿ.

ಸೀಟಿನ ತೊಂದರೆ ದೂರದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದರೆ ಗೋಪುರದಿಂದ 68 ಮೀಟರ್ ದೂರ ಕೂತವರಿಗೆ ಸದ್ದು 0.2 ಸೆಕೆಂಡ್ ತಡ. ಡ್ರಮ್ ಮೇಲೆ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಏಟು ಆಮೇಲೆ ಕೇಳುತ್ತದೆ. ಚಾವಣಿ ಮುಚ್ಚಿದ ಸ್ಟೇಡಿಯಂ ಆದರೆ ಮಾರ್ದನಿ ಬೇರೆ: ನಿಧಾನದ ಭಾರದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ತಡೆದುಕೊಳ್ಳುತ್ತದೆ, ವೇಗದ ಥ್ರ್ಯಾಶ್ ರಿಫ್ ಕಲಸಿದ ಅನ್ನವಾಗುತ್ತದೆ. ಬುಕ್ ಮಾಡುವಾಗ ಸೀಟಿಗೂ ವೇದಿಕೆಗೂ ನಡುವೆ ಗೋಪುರ ಅಡ್ಡ ಬರುತ್ತದೆಯೇ ಎಂದು ನಕ್ಷೆ ನೋಡಿ. ಬದಲಿಗೆ ಸಿಗುವುದು ಮೇಲಿಂದ ಇಡೀ ಬಳೆಯ ನೋಟ, ಬೆಳಕಿನ ಆಟ, ಎರಡು ಗಂಟೆ ಕಾಲಿಗೆ ವಿಶ್ರಾಂತಿ.

ಒಂದೇ ಊರಲ್ಲಿ ಎರಡು ರಾತ್ರಿ ಇದ್ದರೆ ಮೊದಲ ದಿನದ ಹಾಡು ಎರಡನೇ ದಿನ ಬರುವುದಿಲ್ಲ. ಹಾಗಾಗಿ ಮೊದಲ ರಾತ್ರಿ ಸೀಟು, ಎರಡನೆಯದು ಫ್ಲೋರ್ ಎಂಬುದೇ ನಮ್ಮ ಮತ. ತಿರುಗಿಸಿದರೆ ಫ್ಲೋರಿನ ಸದ್ದಿಗೆ ಮಂದವಾದ ಕಿವಿಯಲ್ಲೇ ಮರುದಿನ ಕೇಳಬೇಕು. ಎರಡು ದಿನದ ಟಿಕೆಟ್ ಕೊಂಡರೆ ಈ ಅದಲುಬದಲು ಕಷ್ಟ, ದಿನಕ್ಕೊಂದು ಬಿಡಿ ಟಿಕೆಟ್ ಮಾರುತ್ತಿದ್ದಾರೆಯೇ ನೋಡಿ.

ಇಯರ್‌ಪ್ಲಗ್ ಮೂರೂ ಕಡೆ ಬೇಕು. 100 ಡೆಸಿಬಲ್‌ನಲ್ಲಿ ಕಿವಿಗೆ ಸುರಕ್ಷಿತ ಅವಧಿ ದಿನಕ್ಕೆ 15 ನಿಮಿಷ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಅಗ್ಗದ ಫೋಮ್ ಪ್ಲಗ್ ತಾರ ಸ್ವರಗಳನ್ನೇ ಹೆಚ್ಚು ನುಂಗುವುದರಿಂದ ಡ್ರಮ್ ಕಿಟ್ಟಿನ ತಾಳದ ತಟ್ಟೆಯಾದ ಸಿಂಬಲ್ ಸತ್ತು ಬರೀ ಬೇಸ್ ಉಳಿಯುತ್ತದೆ. ಸಂಗೀತಗಾರರು ಹಾಕುವ ಫಿಲ್ಟರ್ ಪ್ಲಗ್ ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ಗೇಟ್ ದಾಟುವ ಮೊದಲೇ ಹಾಕಿಕೊಳ್ಳಿ. ನೂಕುನುಗ್ಗಲಲ್ಲಿ ಕೈಜಾರಿ ಬಿದ್ದ ಪ್ಲಗ್ ಮತ್ತೆ ಸಿಕ್ಕುವುದಿಲ್ಲ.