ಹಂಪನಕಟ್ಟೆ ಹತ್ರದ ಜೆರ್ಸಿ ಪ್ರಿಂಟಿಂಗ್ ಅಂಗಡಿ: ಬಟ್ಟೆ ಸೂಪರ್, ಸ್ಪೆಲ್ಲಿಂಗ್ ದೇವರಿಗೇ ಪ್ರೀತಿ

ನಮ್ದು ಭಾನುವಾರ ಬೆಳಿಗ್ಗೆ ಮಂಗಳೂರಿನ ಮಂಗಳಾ ಸ್ಟೇಡಿಯಮಲ್ಲಿ ಬಾಸ್ಕೆಟ್‌ಬಾಲ್ ಆಡುವ ಗುಂಪು, ಹೆಚ್ಚಿನವ್ರಿಗೆ ನಲವತ್ತು ದಾಟಿದೆ, ಅರ್ಧ ಗಂಟೆ ಆಟ ಒಂದು ಗಂಟೆ ಚಾ. ಈ ಸಲ ಎಲ್ರಿಗೂ ಒಂದೇ ತರದ ಜೆರ್ಸಿ ಮಾಡಿಸುವ ಅಂತ ಹೊರಟು 12 ಪೀಸ್ ಕೊಟ್ಟದ್ದು ಈ ಅಂಗಡಿಗೆ. ಹೆಸ್ರು, ನಂಬರ್ ಎಲ್ಲ ಸೇರಿ ಒಂದಕ್ಕೆ 420 ರೂಪಾಯಿ, ಹತ್ತಕ್ಕಿಂತ ಕಮ್ಮಿ ಆದ್ರೆ ಮಾಡುದಿಲ್ಲ.

ಬಟ್ಟೆ ಮಾತ್ರ ಒಳ್ಳೇದುಂಟು ಮಾರಾಯ್ರೆ. ಡಾಟ್ ನಿಟ್ ಪಾಲಿಯೆಸ್ಟರ್, ಸಣ್ಣ ಸಣ್ಣ ತೂತಿನದ್ದು, ಸಬ್ಲಿಮೇಶನ್ ಪ್ರಿಂಟ್. ಅಂದ್ರೆ ಡಿಸೈನ್ ಮೊದ್ಲು ಪೇಪರಲ್ಲಿ ಅಚ್ಚಾಗಿ ಆಮೇಲೆ ಹೀಟ್ ಪ್ರೆಸ್ಸಲ್ಲಿ ಬಣ್ಣ ಆವಿಯಾಗಿ ನೂಲಿನ ಒಳಗೇ ಇಳಿತದೆ, ಮೇಲಿಂದ ಅಂಟಿಸಿದ್ದಲ್ಲ, ಹಾಗಾಗಿ ಕಿತ್ತು ಬರ್ಲಿಕ್ಕೆ ಎಂತದೂ ಇಲ್ಲ. ನನ್ನ ಹಳೇದು ವಿನೈಲ್ ಅಂಟಿಸಿದ್ದು, ಇಲ್ಲಿಯ ಸೆಕೆಗೆ ಬೆವರಿಗೆ ಎರಡೇ ತಿಂಗಳಲ್ಲಿ 8 ಹೋಗಿ 3 ಆಗಿತ್ತು. ಇದು ಮಳೆಗಾಲದಲ್ಲೂ ಫ್ಯಾನಿನ ಕೆಳಗೆ ಹಾಕಿದ್ರೆ ರಾತ್ರಿ ಬೆಳಗಾಗುದ್ರೊಳಗೆ ಒಣಗ್ತದೆ.

ಕಟಿಂಗ್ ಅಷ್ಟಕ್ಕಷ್ಟೆ. ಇವ್ರು ಮಾಡುದೆಲ್ಲ ಕ್ರಿಕೆಟ್, ವಾಲಿಬಾಲ್ ಟೂರ್ನಮೆಂಟಿನ ಜೆರ್ಸಿ, ಅದೇ ಪ್ಯಾಟರ್ನಿಗೆ ತೋಳು ಹಾರಿಸಿ ಬಾಸ್ಕೆಟ್‌ಬಾಲ್ ಅಂತ ಕೊಟ್ಟಿದ್ದಾರೆ. ಕಂಕುಳಲ್ಲಿ ಓವರ್‌ಲಾಕ್ ಹೊಲಿಗೆ ದಪ್ಪ ಬಂದು ಹತ್ತು ನಿಮಿಷ ಓಡಿದ್ರೆ ಉಜ್ಜಿ ಉರಿ ಶುರು.

ಈಗ ನನ್ನ ಹೆಸ್ರಿನ ಗಲಾಟೆಗೆ ಬರುವ. ಬಾಕಿಯವ್ರೆಲ್ಲ ಅಮೆರಿಕದ ದೊಡ್ಡ ಆಟಗಾರರ ಹೆಸ್ರು ನಂಬರು, ಜೋರ್ಡನ್ 23, ಕೋಬಿ 24, ಕರ್ರಿ 30 ಅಂತ ಬರೆಸಿದ್ರು. ನಾನು ಬರೆಸಿದ್ದು ಮಾರ್ಟಿನ್ 53. ಗುಂಪಲ್ಲಿ ಒಬ್ಬ ಕೇಳ್ದ, ಯಾರು ಮಾರ್ಟಿನ್, ನಮ್ಮ ಬೆಂದೂರಿನವ್ನಾ ಅಂತ. ಅಲ್ಲ, ಆಸ್ಟ್ರೇಲಿಯಾದ ಪರ್ತಿನವ, ಬಾಸ್ಕೆಟ್‌ಬಾಲ್ ಆಟಗಾರ ಡೇಮಿಯನ್ ಮಾರ್ಟಿನ್. ನನ್ನ ಅಕ್ಕ ಅಲ್ಲಿ ನರ್ಸು, ಅವಳಲ್ಲಿಗೆ ಹೋದಾಗ ಭಾವ ಆ ಊರಿನ ಟೀಮು ವೈಲ್ಡ್‌ಕ್ಯಾಟ್ಸಿನ ಮ್ಯಾಚಿಗೆ ಕರ್ಕೊಂಡು ಹೋಗಿದ್ರು. ನಾನು ಡಂಕ್, ಅಂದ್ರೆ ಹಾರಿ ಬಾಲನ್ನು ಬುಟ್ಟಿಗೆ ತುರುಕುದು, ನೋಡ್ಲಿಕ್ಕೆ ಹೋದವ, ನೋಡಿ ಬಂದದ್ದು ಈ ಮನುಷ್ಯನನ್ನು. ಆರಡಿ ಎರಡಿಂಚಿನ ಆಚೀಚೆ, ಬಾಸ್ಕೆಟ್‌ಬಾಲಿಗೆ ಅದು ಗಿಡ್ಡವೇ. ಎದುರಿನವ ಬಾಲ್ ತಗೊಂಡು ಹೊರಟ ಕೂಡ್ಲೆ ಇವ ಸೊಂಟ ಬಗ್ಗಿಸಿ ಎದುರು ನಿಂತಾಯ್ತು, ಒಂದು ಕೈ ಬಾಲ್ ಹತ್ರ, ಇನ್ನೊಂದು ಪಾಸ್ ಹೋಗುವ ದಾರಿಲಿ. ಅವ ಪಾಪ ಬೆನ್ನು ತಿರುಗಿಸಿ ಬಾಲ್ ಕಾಪಾಡಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಹಿಂದೆ, 8 ಸೆಕೆಂಡ್ ಒಳಗೆ ಅರ್ಧ ಕೋರ್ಟ್ ದಾಟ್ಬೇಕಲ್ಲ, ದಾಟಿ ತಲೆ ಎತ್ತುವಾಗ ಶಾಟ್ ಹೊಡಿಲಿಕ್ಕೆ ಕೊಡುವ 24 ಸೆಕೆಂಡಿನ ಗಡಿಯಾರದಲ್ಲಿ ಮೂರನೇ ಒಂದು ಭಾಗ ಖಾಲಿ. ಸ್ಕೋರ್ ಪಟ್ಟಿಲಿ ಇದು ಯಾವ ಕಾಲಮಲ್ಲೂ ಬರುದಿಲ್ಲ. ಕಬಡ್ಡಿಲಿ ರೈಡರ್ ಹೆಸ್ರು ಊರಿಗೆಲ್ಲ ಗೊತ್ತು, ಅವನ ಕಾಲು ಹಿಡಿದವನ ಹೆಸ್ರು ಅವನ ಅಮ್ಮನಿಗೆ ಮಾತ್ರ, ಹಾಗೆ.

ಆದ್ರೆ ಆಸ್ಟ್ರೇಲಿಯಾದವ್ರು ಗುರ್ತಿಸಿದ್ದಾರೆ. ಅಮೆರಿಕದ ಲೊಯೋಲಾ ಮೇರಿಮೌಂಟಲ್ಲಿ ಕಾಲೇಜು ಮುಗಿಸಿ ಊರಿಗೆ ಬಂದು ಸಿಡ್ನಿಯ ಟೀಮಿಗೆ ಸೇರಿದ, ಆ ಕ್ಲಬ್ಬು 2009ರಲ್ಲಿ ದುಡ್ಡಿಲ್ದೆ ಬಾಗಿಲು ಹಾಕ್ತು, ಕೋಚ್ ರಾಬ್ ಬೆವರಿಜ್ ಪರ್ತಿಗೆ ಹೋದ್ರು, ಇವನೂ ಅಲ್ಲಿಗೇ ಹೋದ, ಮತ್ತೆ 2020ರ ವರೆಗೆ ಅಲ್ಲಿಂದ ಅಲ್ಲಾಡ್ಲಿಲ್ಲ. ಆರು ಚಾಂಪಿಯನ್‌ಶಿಪ್. 2011ರಿಂದ 2015ರ ವರೆಗೆ ಐದು ವರ್ಷ ಸತತ ಲೀಗಿನ ಬೆಸ್ಟ್ ಡಿಫೆಂಡರ್, 2018ರಲ್ಲಿ ಇನ್ನೊಮ್ಮೆ, ಈಗ ಆ ಪ್ರಶಸ್ತಿಗೇ ಇವನ ಹೆಸ್ರು. 2016ರಲ್ಲಿ ನ್ಯೂಜಿಲೆಂಡ್ ಬ್ರೇಕರ್ಸ್ ಎದುರು ಫೈನಲ್ಸಿನ ಎಂವಿಪಿ, ಅಂದ್ರೆ ಬೆಸ್ಟ್ ಆಟಗಾರ. ಅದೇ ವರ್ಷ ರಿಯೊ ಒಲಿಂಪಿಕ್ಸಿನ ಟೀಮಲ್ಲೂ ಇದ್ದ, ಕಂಚಿನ ಮ್ಯಾಚಲ್ಲಿ ಸ್ಪೇನ್ 89, ಆಸ್ಟ್ರೇಲಿಯಾ 88. ಒಂದು ಪಾಯಿಂಟ್! ಕೊನೆಯ ಚಾಂಪಿಯನ್‌ಶಿಪ್ಪಿನ ಕತೆ ಇನ್ನೂ ವಿಚಿತ್ರ, ಐದು ಮ್ಯಾಚಿನ ಫೈನಲ್ ಮೂರಕ್ಕೇ ನಿಂತದ್ದು, ಕೊರೊನಾ ಅಂತ ಸಿಡ್ನಿ ಕಿಂಗ್ಸ್ (ಬಾಗಿಲು ಹಾಕಿದ್ದಲ್ಲ, ಬೇರೆ ಕ್ಲಬ್ಬು) ಹಿಂದೆ ಸರಿದ್ರು, 2-1ರಲ್ಲಿ ಮುಂದೆ ಇದ್ದ ಪರ್ತಿಗೇ ಕಪ್ ಕೊಟ್ರು. ಅದಾಗಿ ಇವ ರಿಟೈರ್.

ಇಷ್ಟೆಲ್ಲ ಅಂಗಡಿಯ ಹುಡುಗನಿಗೆ ನಾನು ಹೇಳ್ಲಿಲ್ಲ, ಅದೇ ತಪ್ಪಾದ್ದು. ಒಂಬತ್ತನೇ ದಿನಕ್ಕೆ ಕಟ್ಟು ಬಿಚ್ಚಿ ನೋಡ್ತೇನೆ, ನನ್ನದ್ರ ಬೆನ್ನಲ್ಲಿ ಐ ಇರ್ಬೇಕಾದಲ್ಲಿ ವೈ! ಕೇಳಿದ್ರೆ ಹುಡುಗ ಭಾರೀ ಖುಷಿಲಿ, "ಸರ್, ನೀವು ಸ್ಪೆಲ್ಲಿಂಗ್ ತಪ್ಪು ಕಳ್ಸಿದ್ರಿ, ನಾನೇ ಗೂಗಲ್ ನೋಡಿ ಸರಿ ಮಾಡಿದೆ" ಅಂತಾನೆ. ಅವನಿಗೆ ಸಿಕ್ಕಿದ್ದು ಕ್ರಿಕೆಟಿನ ಡೇಮಿಯನ್ ಮಾರ್ಟಿನ್. ಅವನೂ ಪರ್ತ್ ಕಡೆಗೇ ಆಡಿದವ, ಹೇಳುವಾಗ ಇಬ್ಬರ ಹೆಸ್ರೂ ಒಂದೇ, ಅಕ್ಷರ ಮಾತ್ರ ಬೇರೆ. 2003ರ ವರ್ಲ್ಡ್ ಕಪ್ ಫೈನಲಲ್ಲಿ ಪಾಂಟಿಂಗ್ 140 ಹೊಡಿವಾಗ ಇನ್ನೊಂದು ಕಡೆಯಿಂದ ಔಟಾಗದೆ 88 ಹೊಡ್ದು ನಮ್ಮ ಮಂಡೆಬೆಚ್ಚ ಮಾಡಿದವನ ಹೆಸ್ರನ್ನು ನಾನು ದುಡ್ಡು ಕೊಟ್ಟು ಬೆನ್ನಿಗೆ ಹಾಕ್ಕೊಳ್ಬೇಕಾ? ಧಣಿ ಒಳಗಿಂದ ಬಂದು ನೋಡಿ, "ಅಯ್ಯೊ ಅಣ್ಣ, ಆ ಮ್ಯಾಚಿನ ದಿನ ನಾನು ಊಟ ಮಾಡ್ಲಿಲ್ಲ" ಅಂತ ಅವ್ರದ್ದೇ ದುಃಖ ಶುರು ಮಾಡಿದ್ರು.

ಜಗಳ ಎಂತದೂ ಆಗ್ಲಿಲ್ಲ. 150 ರೂಪಾಯಿ ತಗೊಂಡು ನಾಲ್ಕು ದಿನದಲ್ಲಿ ಹೊಸತು ಮಾಡಿ ಕೊಟ್ರು, ಈ ಸಲ ಕಂಕುಳ ಹೊಲಿಗೆಯೂ ಸ್ವಲ್ಪ ನಯ ಉಂಟು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಪಾರ್ಕಿಂಗ್ ಇಲ್ಲ, ಸ್ಕೂಟರಲ್ಲೇ ಹೋಗಿ. ಪ್ರಿಂಟಿಗೆ ಮೊದ್ಲು ವಾಟ್ಸಾಪಲ್ಲಿ ಪ್ರೂಫ್ ಕಳಿಸ್ತಾರೆ, ಅದನ್ನು ಬೆರಳಲ್ಲಿ ದೊಡ್ಡ ಮಾಡಿ ಒಂದೊಂದೇ ಅಕ್ಷರ ನೋಡಿ, ಯಾಕೆಂದ್ರೆ ಮನೆಗೆ ಬಂದು ಹಳೇ ಮೆಸೇಜ್ ತೆಗೆದು ನೋಡಿದ್ರೆ ಆ ವೈ ಪ್ರೂಫಲ್ಲೇ ಇತ್ತು, ಅದ್ರ ಕೆಳಗೆ ನನ್ನದೇ ಥಂಬ್ಸ್ ಅಪ್ಪೂ ಇತ್ತು.