ಬಾಬೆಯೊಟ್ಟಿಗೆ ಬೆಂಗಳೂರು: ಸ್ಟ್ರಾಲರ್, ಕಾಂಗರೂ ಚೀಲ, ಅಜ್ಜಿಯ ಸೀರೆ

ಮೊದಲೇ ಹೇಳಿಬಿಡುತ್ತೇನೆ, ಮಗುವನ್ನು ಕೂರಿಸಿ ತಳ್ಳುವ ಸ್ಟ್ರಾಲರ್ ಗಾಡಿಗೆ ಕೊಟ್ಟ 6,800 ರೂಪಾಯಿಯ ಹೊಟ್ಟೆಯುರಿ ನನಗಿನ್ನೂ ಆರಿಲ್ಲ. ಹಾಗಾಗಿ ಇಲ್ಲಿ ಎಲ್ಲವನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತೇನೆ ಎಂದು ಎಣಿಸಬೇಡಿ. ನನ್ನ ಮೆಚ್ಚಿನದು 900 ರೂಪಾಯಿಗೆ ಸಿಕ್ಕಿದ, ಬೇರೆ ಯಾರದೋ ಮಗು ಜೊಲ್ಲು ಸುರಿಸಿ ಬಣ್ಣ ಮಾಸಿದ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಚೀಲ. ಅದರ ಹಿಂದೆ ಬಿಡಿಗಾಸೂ ಖರ್ಚಿಲ್ಲದ ಅಜ್ಜಿಯ ಹಳೆ ಸೀರೆ. ಸ್ಟ್ರಾಲರ್ ಕೊನೆಗೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಬಾಬೆಗೆ ಆಗ ಒಂಬತ್ತು ತಿಂಗಳು, ತೂಕ ಎಂಟೂವರೆ ಕಿಲೋ. ಬೆಂಗಳೂರಿನ ಜಯನಗರದಲ್ಲಿರುವ ಅತ್ತಿಗೆ ಬಾಬೆಯನ್ನು ನೋಡಿದ್ದು ತೊಟ್ಟಿಲು ಹಾಕಿದ ದಿನ ಮಾತ್ರ. "ಮಗು ನಡೆಯಲು ಶುರು ಮಾಡುವ ಮೊದಲು ಒಮ್ಮೆ ಕರ್ಕೊಂಡು ಬನ್ನಿ, ಆಮೇಲೆ ನಿಮಗೇ ಕಷ್ಟ" ಎಂದು ಅವರದು ಒಂದೇ ಹಟ. ಹೋಗುವುದಾದರೆ ಕ್ರಿಸ್ಮಸ್ ರಜೆಗೆ ಮೊದಲೇ ಹೋಗಿ ಬರಬೇಕು. ಕೇರಳದ ಶಾಲೆಗಳಿಗೆ ಹತ್ತು ದಿನ ರಜೆ ಸಿಕ್ಕಿತೆಂದರೆ ಬೆಂಗಳೂರಿನಲ್ಲಿರುವ ಅರ್ಧ ಮಲಬಾರ್ ಊರಿಗೆ ಹೊರಡುತ್ತದೆ, ಆಮೇಲೆ ಅವರೆಲ್ಲ ಒಟ್ಟಿಗೇ ವಾಪಸ್. 2024ರ ನವೆಂಬರಿನಿಂದ ರೈಲಿನ ಟಿಕೆಟ್ ಅರುವತ್ತು ದಿನ ಮೊದಲಷ್ಟೇ ತೆಗೆಯಬಹುದು. ಹಾಗಾಗಿ ಅಕ್ಟೋಬರಿನಲ್ಲೇ ಕ್ಯಾಲೆಂಡರಿಗೆ ಗುರುತು ಹಾಕಿ, ಡಿಸೆಂಬರ್ ಎರಡನೇ ವಾರಕ್ಕೆ ಹೋಗಲಿಕ್ಕೂ ಬರಲಿಕ್ಕೂ ಟಿಕೆಟ್ ಮಾಡಿಸಿದೆವು.

ಟಿಕೆಟ್ ಆದ ಮರುದಿನವೇ ನಾನು ಫೋನಿನಲ್ಲಿ ಸ್ಟ್ರಾಲರ್ ಹುಡುಕಲು ಕೂತೆ. ಬೆಂಗಳೂರೆಂದರೆ ಸ್ಟ್ರಾಲರ್ ಬೇಕೇ ಬೇಕು ಎಂದು ತಲೆಯಲ್ಲಿ ಅದ್ಯಾವಾಗ ಹೊಕ್ಕಿತ್ತೋ. ಆರೂವರೆ ಕಿಲೋ ತೂಕ, ಬೂದು ಬಣ್ಣ, ಬಿಸಿಲಿಗೆ ಅಡ್ಡವಾಗಿ ಮೇಲೊಂದು ಮಾಡು, ಐದು ಕಡೆಯಿಂದ ಬಿಗಿಯುವ ಬೆಲ್ಟು. ಎಲ್ಲಕ್ಕಿಂತ ಮೇಲೆ, "ಒಂದೇ ಕೈಯಲ್ಲಿ ಮಡಚಬಹುದು" ಎಂದು ದಪ್ಪ ಅಕ್ಷರ. ಪೆಟ್ಟಿಗೆ ಬಿಚ್ಚಿ ಜಗಲಿಯಲ್ಲಿ ನಿಲ್ಲಿಸಿದಾಗ ಅಜ್ಜಿ ಅದಕ್ಕೆ ಒಂದು ಸುತ್ತು ಬಂದು, "ಮಕ್ಕಳನ್ನು ತಳ್ಳಿಕೊಂಡು ಹೋಗ್ಲಿಕ್ಕೆ ಅವೆಂತ ಅಡಕೆ ಮೂಟೆಯಾ?" ಎಂದರು. ನಾನು ನಕ್ಕೆ. ಕಾಂಗರೂ ಚೀಲ ಸಹೋದ್ಯೋಗಿಯೊಬ್ಬಳದು. ಅವಳ ಮಗುವಿಗೆ ಎರಡು ವರ್ಷ ದಾಟಿತ್ತು, "ಒಯ್ಯಿ ಮಾರಾಯ್ತಿ, ಮನೆಯಲ್ಲಿ ಜಾಗ ಇಲ್ಲ" ಎಂದು ಕೊಟ್ಟಳು. ಸುಮ್ಮನೆ ತೆಗೆದುಕೊಳ್ಳಲು ಮನಸ್ಸಾಗದೆ 900 ಕೊಟ್ಟೆ. ಸೀರೆಯನ್ನು ಅಜ್ಜಿಯೇ ನಮ್ಮ ಬ್ಯಾಗಿನ ತಳದಲ್ಲಿ ತುರುಕಿದ್ದರು, ನನಗೆ ಗೊತ್ತೂ ಇರಲಿಲ್ಲ.

ರೈಲಿನಲ್ಲಿ ಗೆದ್ದದ್ದು ಸೀರೆ. ಐದು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ಬರ್ತೂ ಇಲ್ಲ. ಅಂದರೆ ಒಂದು ಬರ್ತಿನಲ್ಲಿ ನಾನು, ನನ್ನ ಮತ್ತು ಗೋಡೆಯ ನಡುವೆ ಬಾಬೆ, ನನ್ನ ಅರ್ಧ ಬೆನ್ನು ಹೊರಗೆ. (ತಾಯಿ ಬರ್ತಿಗೆ ಅಂಟಿಸಿದ ಮಗುವಿನ ಪುಟ್ಟ ಬರ್ತನ್ನು 2022ರಲ್ಲಿ ಲಖನೌ ಮೇಲ್‌ನಲ್ಲಿ ಪರೀಕ್ಷೆಗೆಂದು ಹಾಕಿದ್ದರು. ನಮ್ಮ ಕಡೆಯ ರೈಲುಗಳಲ್ಲಿ ನಾನಂತೂ ಕಂಡಿಲ್ಲ.) ಸಂಜೆ ಕಾಸರಗೋಡಿನಲ್ಲಿ ಹತ್ತಿ ಮಂಗಳೂರು ದಾಟುವಷ್ಟರಲ್ಲಿ ಬಾಬೆಯ ರಂಪ ಶುರು. ಬ್ಯಾಗಿನಲ್ಲಿ ರಾಗಿ ಮಣ್ಣಿಯ ಡಬ್ಬ ಹುಡುಕುವಾಗ ಸೀರೆ ಕೈಗೆ ಬಂತು. ಇವರು ಅದನ್ನು ಎರಡೂ ಬದಿಯ ಮೇಲಿನ ಬರ್ತುಗಳ ಕಂಬಿಗೆ ಬಿಗಿದು ಜೋಲಿ ಮಾಡಿದರು. ಬಾಬೆಯನ್ನು ಹಾಕಿದ ಮೇಲೆ ತೂಗುವ ಕೆಲಸವನ್ನು ರೈಲೇ ನೋಡಿಕೊಂಡಿತು. ನಾನು ಕೆಳಗೆ ಕೂತು ಒಂದು ಕೈ ಜೋಲಿಯ ಅಡಿಯಲ್ಲೇ ಇಟ್ಟುಕೊಂಡಿದ್ದೆ, ಓಡುವ ರೈಲಿನಲ್ಲಿ ಗಂಟನ್ನು ನಂಬಿ ನಿದ್ದೆ ಮಾಡುವ ಧೈರ್ಯ ನನಗಿಲ್ಲ. ಸುಬ್ರಹ್ಮಣ್ಯ ಕಳೆದು ಘಾಟಿಯ ಸುರಂಗಗಳು ಒಂದಾದ ಮೇಲೊಂದು ಬರುವಾಗ ಗಾಢ ನಿದ್ದೆ. ಮೆಲ್ಲ ಎತ್ತಿ ಬರ್ತಿಗೆ ಹಾಕಿದರೂ ಏಳಲಿಲ್ಲ.

ಸ್ಟ್ರಾಲರ್ ಎಲ್ಲಿತ್ತು ಎಂದು ಕೇಳಿದಿರಾ? ಸೀಟಿನಡಿಗೆ ಹೋಗಲಿಲ್ಲ. ಇಡೀ ರಾತ್ರಿ ಇವರ ಕಾಲ ಬುಡದಲ್ಲಿ ಮಲಗಿತ್ತು, ಅದಕ್ಕೆ ಮಾತ್ರ ಪೂರ್ತಿ ಬರ್ತು ಸಿಕ್ಕಿದ ಹಾಗೆ.

ಈಗ ಮಡಚುವ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕೊಳ್ಳುವಾಗ ಯಾರೂ ಇದನ್ನು ನನಗೆ ಹೇಳಲಿಲ್ಲ.

ಒಂದೇ ಕೈಯಲ್ಲಿ ಮಡಚಬಹುದು ಎನ್ನುವುದು ಸುಳ್ಳಲ್ಲ. ಮನೆಯಲ್ಲಿ, ಸಿಮೆಂಟು ನೆಲದ ಮೇಲೆ, ಖಾಲಿ ಗಾಡಿಯನ್ನು ನಾನು ಹತ್ತು ಸಲ ಒಂದೇ ಕೈಯಲ್ಲಿ ಮಡಚಿದ್ದೆ. ಆದರೆ ಗಾಡಿ ಖಾಲಿಯಾಗಬೇಕಾದರೆ ಮಗು ಎಲ್ಲಿಗಾದರೂ ಹೋಗಬೇಕಲ್ಲ? ಅದು ಬರುವುದು ಇನ್ನೊಂದು ಕೈಗೆ. ಎಂಟೂವರೆ ಕಿಲೋ, ಅದೂ ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸುವ ಎಂಟೂವರೆ ಕಿಲೋ. ಉಳಿದ ಕೈಯಲ್ಲಿ ಮೊದಲು ಮಾಡನ್ನು ಹಿಂದಕ್ಕೆ ತಳ್ಳಬೇಕು, ಎದುರಿನ ಚಕ್ರಗಳನ್ನು ನೆಟ್ಟಗೆ ಮಾಡಬೇಕು (ಓರೆಯಾಗಿದ್ದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ), ಸೀಟಿನಲ್ಲಿರುವ ಬೈರಾಸು, ಗಿಲಕಿ, ಬಿಸ್ಕತ್ತಿನ ಚೂರು ಎಲ್ಲ ತೆಗೆಯಬೇಕು, ಆಮೇಲೆ ಹಿಡಿಯ ಬಟನ್ನು ಒತ್ತಿ ಎಳೆಯಬೇಕು.

ಇನ್ನು ಚೀಲ. ಡೈಪರ್, ಬಿಸಿನೀರಿನ ಫ್ಲಾಸ್ಕು, ಮಣ್ಣಿ ಡಬ್ಬ, ಎರಡು ಜತೆ ಅಂಗಿ ಇರುವ ಚೀಲವನ್ನು ಎಲ್ಲರೂ ತೂಗುಹಾಕುವುದು ಹಿಂದಿನ ಹಿಡಿಗೇ. ಮಗು ಕೂತಿರುವವರೆಗೆ ಸರಿ. ಮಗುವನ್ನು ಎತ್ತಿದ ಕ್ಷಣಕ್ಕೆ ಎದುರಿನ ಭಾರ ಹೋಗಿ ಗಾಡಿ ಅಂಗಾತ ಬೀಳುತ್ತದೆ. ಮೊದಲ ದಿನವೇ ಸಂಜೆ ಜಯನಗರದಲ್ಲಿ ಆಟೋ ನಿಲ್ಲಿಸಿ ಬಾಬೆಯನ್ನು ಎತ್ತಿಕೊಂಡೆ. ಹಿಂದಿನಿಂದ ಧಡಾರ್. ಫ್ಲಾಸ್ಕು ಉರುಳಿ ಚರಂಡಿಯ ಕಲ್ಲಿನ ಹತ್ತಿರ ಹೋಗಿ ನಿಂತಿತು. ಆಟೋದ ಹಿಂದೆ ಒಂದು ಕಾರು, ಅದರ ಹಿಂದೆ ಎರಡು ಬೈಕು, ಎಲ್ಲರದೂ ಹಾರ್ನು. ಇವರು ಹಾಲಿನ ಪ್ಯಾಕೆಟ್ಟಿಗೆಂದು ಆಚೆ ಬದಿಗೆ ಹೋಗಿದ್ದರು. ನಾನು ಒಂದು ಕೈಯಲ್ಲಿ ಕಿರುಚುವ ಮಗು, ಒಂದು ಕಾಲಲ್ಲಿ ಗಾಡಿಯನ್ನು ಒತ್ತಿ ಹಿಡಿದು ಬಟನ್ನು ಹುಡುಕುತ್ತಿದ್ದರೆ ಆಟೋದವರೇ ಇಳಿದು, "ಮಗೂನ ಕೂರಿಸ್ಕೊಳ್ಳಿ ಮೇಡಂ, ಇದನ್ನ ನಾನ್ ನೋಡ್ತೀನಿ" ಎಂದರು. ಅವರಿಗೂ ಮಡಚಲು ಬರಲಿಲ್ಲ. ಕೊನೆಗೆ ಹಾಗೆಯೇ, ಬಿಚ್ಚಿದ ಗಾಡಿಯನ್ನು ಅಡ್ಡ ತುರುಕಿ, ಒಂದು ಚಕ್ರ ಹೊರಗೆ ಚಾಚಿಕೊಂಡು ಅತ್ತಿಗೆಯ ಮನೆ ತಲುಪಿದೆವು.

ಮೊದಲ ಎರಡೇ ದಿನದಲ್ಲಿ ಇಂಥದ್ದು ನಾಲ್ಕು ಸಲ ಆಯಿತು. ಸ್ವಂತ ಕಾರಿನ ಡಿಕ್ಕಿಗೆ ಹಾಕುವವರಿಗೆ ದಿನಕ್ಕೆ ಎರಡು ಸಲ ಮಡಚಿದರೆ ಸಾಕು. ಆಟೋ, ಮೆಟ್ರೋ, ನಡಿಗೆ ಎಂದು ಓಡಾಡುವವರಿಗೆ ಗಂಟೆಗೊಮ್ಮೆ.

ಫುಟ್‌ಪಾತ್ ಬಗ್ಗೆ ಬೇರೆ ಹೇಳಬೇಕೆ. ಚಪ್ಪಡಿ ಎದ್ದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ನಡುವೆ ಟ್ರಾನ್ಸ್‌ಫಾರ್ಮರ್, ಅದು ಕಳೆದರೆ ಬೈಕು. ರಸ್ತೆಗೆ ಇಳಿದರೆ ಗಾಡಿಯಲ್ಲಿ ಕೂತ ಮಗುವಿನ ಮೂಗು ಸರಿಯಾಗಿ ವಾಹನಗಳ ಸೈಲೆನ್ಸರಿನ ಎತ್ತರಕ್ಕೇ ಬರುತ್ತದೆ. ಇದು ನನಗೆ ಹೊಳೆದದ್ದು ಎರಡನೇ ದಿನ, ಸಿಗ್ನಲಿನಲ್ಲಿ ನಿಂತಾಗ. ಆಮೇಲೆ ಗಾಡಿಯನ್ನು ರಸ್ತೆಗೆ ಇಳಿಸಲು ಮನಸ್ಸೇ ಬರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಒಂದು ಬೆಳಿಗ್ಗೆ ಸ್ಟ್ರಾಲರ್ ತನ್ನ ದುಡ್ಡಿಗೆ ದುಡಿಯಿತು, ಲಾಲ್‌ಬಾಗಿನಲ್ಲಿ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ, ಈಗ 240 ಎಕರೆ, ಒಳಗಿನ ರಸ್ತೆಗಳು ನುಣುಪು. ಗಾಜಿನ ಮನೆಯ ಸುತ್ತ ಎರಡು ಸುತ್ತು ಬರುವಷ್ಟರಲ್ಲಿ ಬಾಬೆಗೆ ನಿದ್ದೆ. ನಾವಿಬ್ಬರು ಕಲ್ಲುಬೆಂಚಿನಲ್ಲಿ ಕೂತು, ಮದುವೆಯಾದ ಮೇಲೆ ಎರಡನೆಯ ಸಲವೋ ಮೂರನೆಯ ಸಲವೋ, ಅವಸರವಿಲ್ಲದೆ ಮಾತಾಡಿದೆವು. ಆಮೇಲೆ ಇವರಿಗೆ ಕೆಂಪೇಗೌಡರ ಗೋಪುರ ನೋಡುವ ಆಸೆ. ಅದು ಇರುವುದು ಬಂಡೆಯ ತಲೆಯಲ್ಲಿ. ಮುನ್ನೂರು ಕೋಟಿ ವರ್ಷ ಹಳೆಯ ಬಂಡೆ ನಮ್ಮ ಗಾಡಿಗಾಗಿ ಸಮತಟ್ಟಾಗುತ್ತದೆಯೇ? ಎದುರಿನಿಂದ ಇವರು, ಹಿಂದಿನಿಂದ ನಾನು ಹಿಡಿದು, ನಿದ್ದೆ ಮಾಡುವ ಬಾಬೆ ಸಮೇತ ಪಲ್ಲಕ್ಕಿ ಹೊತ್ತ ಹಾಗೆ ಹತ್ತಿಸಿದೆವು. ನೋಡಿದವರೆಲ್ಲ ದಾರಿ ಬಿಟ್ಟರು.

ಮೂರನೇ ದಿನದಿಂದ ಸ್ಟ್ರಾಲರ್ ಅತ್ತಿಗೆಯ ಮನೆಯ ಬಾಲ್ಕನಿಯಲ್ಲಿ, ಬಾಬೆ ನನ್ನ ಎದೆಯಲ್ಲಿ.

ಕಾಂಗರೂ ಚೀಲವನ್ನು ಕಟ್ಟಿಕೊಳ್ಳಲು ಕಲಿಯುವುದಕ್ಕೆ ಅರ್ಧ ದಿನ ಬೇಕು. ಭಾರ ಹೆಗಲಿಗಲ್ಲ, ಸೊಂಟದ ಪಟ್ಟಿಗೆ ಬೀಳಬೇಕು. ಮಗುವಿನ ಕಾಲು ನೇತಾಡಬಾರದು, ಕಪ್ಪೆ ಕೂತ ಹಾಗೆ ಮೊಣಕಾಲು ಪೃಷ್ಠಕ್ಕಿಂತ ಮೇಲೆ ಇರಬೇಕು. ಮುಖ ಕಾಣಬೇಕು, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಹತ್ತಿರ ಇರಬೇಕು, ಗಲ್ಲ ಎದೆಗೆ ಒತ್ತಬಾರದು. ಇಷ್ಟು ಸರಿಯಾದರೆ ಎರಡೂ ಕೈ ಖಾಲಿ. ಎರಡೂ ಕೈ ಖಾಲಿ ಎನ್ನುವುದರ ಬೆಲೆ ತಾಯಂದಿರಿಗೇ ಗೊತ್ತು.

ಜಯನಗರದಲ್ಲಿ ಹಸಿರು ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ನೇರಳೆಗೆ ಬದಲಿಸಿ ಎಂ.ಜಿ. ರಸ್ತೆಗೆ ಹೋದೆವು. ಮೂರು ಅಡಿಗಿಂತ ಗಿಡ್ಡ ಇರುವ ಮಕ್ಕಳಿಗೆ ಟಿಕೆಟ್ ಬೇಡ. ಸ್ಟ್ರಾಲರ್ ಇದ್ದಾಗ ಎಸ್ಕಲೇಟರ್ ಬಿಟ್ಟು ಪ್ರತಿ ನಿಲ್ದಾಣದಲ್ಲೂ ಲಿಫ್ಟ್ ಎಲ್ಲಿ ಎಂದು ಹುಡುಕುತ್ತಿದ್ದವರು ಈಗ ಉಳಿದವರ ಹಾಗೆಯೇ ಮೆಟ್ಟಿಲು ಹತ್ತಿದೆವು. ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ಸ್ಟ್ರಾಲರ್ ತಂದಿದ್ದರೆ ಬಾಬೆಯ ಕೆನ್ನೆ ಗಡಗಡ ನಡುಗುತ್ತಿತ್ತು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕ್ರಿಸ್ಮಸ್ಸಿನ ಜನಜಂಗುಳಿ, ಅಂಗಡಿಗಳ ಎದುರು ಕೆಂಪು ನಕ್ಷತ್ರಗಳು. ಬಾಬೆಯ ಕಣ್ಣು ಸರಿಯಾಗಿ ಅವುಗಳ ಎತ್ತರದಲ್ಲಿ. ಗಾಡಿಯಲ್ಲಿ ಕೂತಿದ್ದರೆ ಅವಳಿಗೆ ಕಾಣುತ್ತಿದ್ದದ್ದು ಜನರ ಪ್ಯಾಂಟು ಮಾತ್ರ.

ಚೀಲದಲ್ಲಿ ದೋಷ ಇಲ್ಲವೆಂದಲ್ಲ. ಇಬ್ಬರೂ ಬದಲಿಸಿ ಕಟ್ಟಿಕೊಳ್ಳುವಾಗ ಪಟ್ಟಿಯನ್ನು ಪ್ರತಿ ಸಲ ಸಡಿಲಿಸಿ ಬಿಗಿಯಬೇಕು. ಇವರ ಹೊಟ್ಟೆಯ ಅಳತೆಗೆ ಕೆಂಪು ನೂಲು, ನನ್ನದಕ್ಕೆ ಹಸಿರು ನೂಲು ಹೊಲಿದುಬಿಟ್ಟೆ, ಆ ಜಗಳ ಮುಗಿಯಿತು. ಮಗು ಎದೆಯಲ್ಲಿರುವಾಗ ಊಟ ಮಾತ್ರ ಅಸಾಧ್ಯ. ದರ್ಶಿನಿಯಲ್ಲಿ ನಿಂತು ದೋಸೆ ಮುರಿದರೆ ಅರ್ಧ ಅವಳ ತಲೆಯ ಮೇಲೆ. ಬಿಸಿ ಕಾಫಿ, ಸಾಂಬಾರಿನ ಹತ್ತಿರ ಹೋಗಲೇಬಾರದು, ಅವಳ ಕೈ ನನ್ನದಕ್ಕಿಂತ ಮೊದಲು ಲೋಟಕ್ಕೆ ತಲುಪುತ್ತದೆ. ನಾವು ಪಾಳಿ ಹಾಕಿಕೊಂಡು ತಿಂದೆವು. ಮತ್ತೆ ಸೆಕೆ. ಬೆಂಗಳೂರಿನ ಡಿಸೆಂಬರಿನಲ್ಲಿ ಮೈಗೆ ಮೈ ತಾಗಿದರೆ ಸ್ವೆಟರ್ ಹಾಕಿದಷ್ಟೇ ಹಿತ. ಅದೇ ಚೀಲವನ್ನು ಏಪ್ರಿಲಿನಲ್ಲಿ ಕಾಸರಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿಕೊಂಡರೆ ಇಬ್ಬರೂ ಬೆಂದು ಹೋಗುತ್ತೇವೆ.

ಸೀರೆಯನ್ನು ಅಜ್ಜಿಯ ಹಾಗೆ ಸೊಂಟಕ್ಕೆ ಕಟ್ಟಿ ಮಗುವನ್ನು ಕೂರಿಸುವ ಪ್ರಯತ್ನವನ್ನೂ ಒಮ್ಮೆ ಮಾಡಿದೆ. ಗಂಟು ಜಾರಿತು. ಅಜ್ಜಿ ಐದು ಮಕ್ಕಳನ್ನು ಹಾಗೆ ಹೊತ್ತು ತೋಟಕ್ಕೆ ಹೋದವರು, ನನ್ನದು ಯೂಟ್ಯೂಬ್ ವಿದ್ಯೆ. ಜೋಲಿಗೆ, ಹೊದಿಕೆಗೆ, ಹಾಲು ಕುಡಿಸುವಾಗ ಮರೆಗೆ, ಬೆಂಚಿನ ಮೇಲೆ ಹಾಸಲಿಕ್ಕೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ನಡೆಯುವಾಗ ಮಾತ್ರ ನನಗೆ ಬೇಡ.

ಹಾಗಾಗಿ ನಮ್ಮಂತೆ ಕಾರಿಲ್ಲದ, ನಾಲ್ಕು ದಿನಕ್ಕೆ ನೆಂಟರ ಮನೆಗೆ ಹೋಗುವವರು ಒಂದು ವರ್ಷದೊಳಗಿನ ಮಗುವಿಗೆ ಸ್ಟ್ರಾಲರ್ ಕೊಳ್ಳಬೇಡಿ. ಕಾಂಗರೂ ಚೀಲ ತನ್ನಿ, ಅದೂ ಹೊಸತು ಬೇಡ, ಹೊಲಿಗೆ ಮತ್ತು ಬಕಲ್ಲು ಎಳೆದು ನೋಡಿ ಯಾರದಾದರೂ ಹಳೆಯದನ್ನು ತನ್ನಿ. ಒಂದು ನೂಲಿನ ಸೀರೆ ಬ್ಯಾಗಿನಲ್ಲಿರಲಿ. ಬೆನ್ನು ನೋವು ಇರುವವರ ಲೆಕ್ಕ ಬೇರೆ, ಅವರು ಗಾಡಿಯನ್ನೇ ತಳ್ಳುವುದು ಒಳ್ಳೆಯದು. ದಿನವಿಡೀ ಮಾಲಿನಲ್ಲೇ ಕಳೆಯುವವರಿಗೂ ಅದೇ ಸರಿ.

ಸ್ಟ್ರಾಲರನ್ನು ಮೂರು ಸಾವಿರಕ್ಕೆ ಮಾರಲು ಇಟ್ಟೆ. ಕಳೆದ ವಾರ ನೀರ್ಚಾಲಿನಿಂದ ಒಬ್ಬರು ಮಗುವನ್ನು ಎತ್ತಿಕೊಂಡು ನೋಡಲು ಬಂದಿದ್ದರು. "ಒಂದೇ ಕೈಯಲ್ಲಿ ಮಡಚ್ಲಿಕ್ಕೆ ಆಗ್ತದಂತಲ್ಲ?" ಎಂದು ಕೇಳಿದರು. ಆಗ್ತದೆ ಎಂದೆ, ತೋರಿಸಿದೆ. "ನೀವೂ ಒಮ್ಮೆ ನೋಡಿ" ಎಂದೆ. ಅವರು ಮಗುವನ್ನು ಒಂದು ಕೈಗೆ ಬದಲಿಸಿಕೊಂಡು ಬಟನ್ನು ಒತ್ತಿದರು. ಜಗಲಿಯಲ್ಲಿ ಕೂತಿದ್ದ ಅಜ್ಜಿ ಎಲೆಅಡಕೆ ಜಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಗಾಡಿ ಈಗಲೂ ಜಗಲಿಯಲ್ಲೇ ಇದೆ, ಮೊನ್ನೆಯಿಂದ ಅದರಲ್ಲಿ ಒಂದು ಬಾಳೆಗೊನೆ ಕೂತಿದೆ.