ಮನೆಗೆ ಬೀಗ ಹಾಕಿದಾಗ ಕಂಪ್ಯೂಟರ್ ಓಡುತ್ತಿರಬಹುದಾ? ನಾಲ್ಕು ದಾರಿ ನೋಡಿದೆ

ಅವ್ವ ಹಾಡುವ ಸೋಬಾನೆ ಪದಗಳನ್ನು ಮೂರು ವರ್ಷದಿಂದ ವಿಡಿಯೋ ಮಾಡಿಡುತ್ತಿದ್ದೇನೆ. ಈಗ 600 ಜಿಬಿ ಆಗಿದೆ. ಎಲ್ಲವೂ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ಇದ್ದವು. ಅದು ಕೆಟ್ಟರೆ ಆ ಹಾಡುಗಳು ಹೋದ ಹಾಗೇ. ಅದಕ್ಕೇ ಕ್ಲೌಡ್‌ಗೆ ಏರಿಸಲು ಹೊರಟೆ. ಜೊತೆಗೆ ನೆಂಟರ ಫೋನಿಗೆ ಹಿಡಿಸುವಂತೆ ಪ್ರತಿ ಹಾಡಿಗೂ ಒಂದು ಸಣ್ಣ ಕಾಪಿ ಮಾಡಬೇಕಿತ್ತು. ನಮ್ಮ ಅಪ್‌ಲೋಡ್ ವೇಗ 20 ಎಂಬಿಪಿಎಸ್. ಒಂದು ಕ್ಷಣವೂ ನಿಲ್ಲದೆ ಓಡಿದರೂ 67 ಗಂಟೆ ಬೇಕು. ನಡುವೆ ಕರೆಂಟ್ ಹೋಗುವುದು, ನೆಟ್ ನಿಧಾನವಾಗುವುದು ಬೇರೆ.

ನಾವಿರುವುದು ಮಂಡ್ಯದಲ್ಲಿ. ಶನಿವಾರ ಮಧ್ಯಾಹ್ನ ಮನೆಗೆ ಬೀಗ ಹಾಕಿ ಪಾಂಡವಪುರದ ಹತ್ತಿರ ಇರುವ ನಮ್ಮೂರಿಗೆ ಹೋದರೆ, ಬರುವುದು ಭಾನುವಾರ ಸಂಜೆ. ಆ ಒಂದೂಕಾಲು ದಿನ ಕಂಪ್ಯೂಟರ್ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದರೆ ಎಷ್ಟು ಅನುಕೂಲ ಅಲ್ವಾ? ಅವ್ವ ಮಾತ್ರ ಮೊದಲ ವಾರವೇ ಕೇಳಿದರು: "ಮನೇಲಿ ಯಾರೂ ಇಲ್ದಾಗ ಅದ್ಯಾಕಪ್ಪ ಉರೀತಾ ಇರ್ಬೇಕು?" ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಒಂದು ಪ್ಲಗ್ ವಾಟ್ ಮೀಟರ್ ತಂದು, ಫೆಬ್ರವರಿಯಿಂದ ಜೂನ್‌ವರೆಗೆ ಒಂದೊಂದಾಗಿ ಎಲ್ಲವನ್ನೂ ನೋಡಿದೆ.

ಮೊದಲಿಗೆ ಡೆಸ್ಕ್‌ಟಾಪ್ ಅನ್ನೇ ಪೂರ್ತಿ ಆನ್ ಇಟ್ಟೆ, ಮಾನಿಟರ್ ಮಾತ್ರ ಆಫ್. ಸುಮ್ನೆ ಅಪ್‌ಲೋಡ್ ಮಾಡುವಾಗ 70 ವಾಟ್. ವಿಡಿಯೋ ಚಿಕ್ಕದು ಮಾಡುವಾಗ 140ರ ಸುತ್ತ. ಪ್ರೊಸೆಸರ್ ಬಿಸಿ ನೋಡಿದರೆ 92 ಡಿಗ್ರಿ! ಕ್ಯಾಬಿನೆಟ್ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆ ಕಪ್ಪು ಮಸಿ ದಪ್ಪಗೆ ಕೂತಿತ್ತು. ನಮ್ಮ ಕಡೆ ಆಲೆಮನೆಗಳ ಹೊಗೆ ಗೊತ್ತಲ್ಲ, ಕಿಟಕಿ ತೆಗೆದಿಟ್ಟರೆ ಆ ಮಸಿ ಮನೆಯೊಳಗೇ ಬರುತ್ತದೆ. ಬ್ರಷ್ಷಿನಿಂದ ಒರೆಸಿ, ಊದಿ ತೆಗೆದ ಮೇಲೆ ಅದೇ ಕೆಲಸಕ್ಕೆ 71 ಡಿಗ್ರಿ. ನಿಜ ಹೇಳಬೇಕೆಂದರೆ ಪ್ರೊಸೆಸರ್ ಬಿಸಿಯಿಂದ ಮನೆಗೆ ಬೆಂಕಿ ಬೀಳುವ ಭಯ ಕಡಿಮೆ. 100 ಡಿಗ್ರಿ ಹತ್ತಿರ ಹೋದರೆ ಅದೇ ನಿಧಾನವಾಗುತ್ತದೆ, ಇನ್ನೂ ಏರಿದರೆ ತಾನೇ ಆಫ್ ಆಗುತ್ತದೆ.

ಭಯ ಪಡಬೇಕಾದ್ದು ಬೇರೆ ಕಡೆ ಇತ್ತು. ಮಾರ್ಚ್‌ನ ಒಂದು ಭಾನುವಾರ ಊರಿಂದ ಬಂದು ಬಾಗಿಲು ತೆಗೆದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಕಂಪ್ಯೂಟರ್ ಆರಾಮಾಗಿ ಓಡುತ್ತಿತ್ತು. ಆದರೆ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಅದರ ಪ್ಲಗ್ ಹಾಕಿದ್ದ ತೂತು ಕಪ್ಪಾಗಿ, ಅಂಚು ಕರಗಿತ್ತು. ಬಾಕ್ಸ್‌ನ ಹಿಂದೆಯೇ ಹತ್ತಿ ಪರದೆ ನೇತಾಡುತ್ತಿತ್ತು. ಅದನ್ನು ನೋಡಿದಾಗ ನನ್ನ ಕೈ ನಡುಗಿತು. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿ ನೋಡಿ ಹೇಳಿದ: "ಕಂಪ್ಯೂಟರ್‌ದು ಏನೂ ತಪ್ಪಿಲ್ಲ ಸಾ. ಇದಕ್ಕೆ ಇಸ್ತ್ರಿ ಪೆಟ್ಟಿಗೆ ಹಾಕ್ತಿದ್ರಾ?" ಹೌದು, ದಿನಾ ಬೆಳಿಗ್ಗೆ ಅದೇ ತೂತಿಗೆ 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ. ಆ ಬಿಸಿಗೆ, ಎಳೆದಾಟಕ್ಕೆ ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿತ್ತು. ಪಿನ್ ಸರಿಯಾಗಿ ಕಚ್ಚದೆ ಕಿಡಿ ಹಾರುತ್ತಿತ್ತು. ಮನೆಯಲ್ಲಿ ಜನ ಇದ್ದಿದ್ದರೆ ಚಿಟಪಟ ಸದ್ದಿಗೋ ವಾಸನೆಗೋ ಎದ್ದು ನೋಡುತ್ತಿದ್ದೆವು. ಬೀಗ ಹಾಕಿದ ಮನೆಯಲ್ಲಿ ನೋಡುವವರು ಯಾರು? ಎಂಸಿಬಿ ಇತ್ತಲ್ಲ ಎಂದು ಕೇಳಿದೆ. ಎಂಸಿಬಿ ಬೀಳುವುದು ಕರೆಂಟ್ ಮಿತಿ ಮೀರಿ ಹರಿದಾಗ ಅಥವಾ ಶಾರ್ಟ್ ಆದಾಗ. ಸಡಿಲ ಪಿನ್ನಿನ ಕಿಡಿ ಅದಕ್ಕೆ ಗೊತ್ತೇ ಆಗುವುದಿಲ್ಲ.

ಯುಪಿಎಸ್ ಇದ್ದರೆ ಸಾಕು ಅನ್ನುವವರಿಗೆ ನನ್ನ ಅನುಭವ ಹೇಳುತ್ತೇನೆ. ನಮ್ಮದು 600 ವಿಎ, ಒಳಗೆ 12 ವೋಲ್ಟ್ 7 ಎಎಚ್ ಬ್ಯಾಟರಿ. ಹೊಸದರಲ್ಲಿ 20 ನಿಮಿಷ ಬರುತ್ತಿತ್ತು. ಎರಡು ವರ್ಷದ ಮೇಲೆ 4 ನಿಮಿಷ. ನಾವು ಎದುರಿಗೆ ಕೂತಿದ್ದರೆ ಆ 4 ನಿಮಿಷ ಸಾಕು, ಸೇವ್ ಮಾಡಿ ಮುಚ್ಚಬಹುದು. ಯಾರೂ ಇಲ್ಲದಿದ್ದರೆ ಐದನೇ ನಿಮಿಷಕ್ಕೆ ಎಲ್ಲ ಒಮ್ಮೆಲೇ ಆಫ್. ಬ್ಯಾಟರಿ ಕಡಿಮೆ ಆಯಿತು ಎಂದು ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರ್‌ಗೆ ತಿಳಿಸುವ ಯುಪಿಎಸ್‌ಗಳಿವೆ. ತೆಗೆದುಕೊಳ್ಳುವುದಾದರೆ ಅಂಥದ್ದನ್ನೇ ತೆಗೆದುಕೊಳ್ಳಿ.

ಎರಡನೆಯದು ಸ್ಲೀಪ್. ಇದರಲ್ಲಿ ಅಪ್‌ಲೋಡ್ ನಡೆಯುವುದಿಲ್ಲ, ಕೆಲಸ ಇದ್ದಲ್ಲೇ ನಿಲ್ಲುತ್ತದೆ ಅಷ್ಟೇ. 3 ವಾಟ್. ನೆನಪೆಲ್ಲ ರ್‍ಯಾಮ್‌ನಲ್ಲೇ ಇರುವುದರಿಂದ ಕರೆಂಟ್ ಹೋದರೆ ಅದೂ ಹೋಯಿತು. ಇನ್ನೊಂದು ತೊಂದರೆ, ಒಂದು ರಾತ್ರಿ ಮೂರು ಗಂಟೆಗೆ ಅಪ್‌ಡೇಟ್‌ಗೆಂದು ತಾನೇ ಎದ್ದು ಬೆಳಗಿನವರೆಗೂ ಓಡುತ್ತಿತ್ತು. ಊಟಕ್ಕೆ ಏಳುವಾಗ ಸ್ಲೀಪ್ ಸಾಕು. ಊರಿಗೆ ಹೋಗುವಾಗ ಬೇಡ.

ಹೈಬರ್ನೇಟ್ ನನಗೆ ತುಂಬಾ ಇಷ್ಟವಾಯಿತು. ತೆರೆದಿದ್ದ ಕೆಲಸವನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಪೂರ್ತಿ ಆಫ್ ಆಗುತ್ತದೆ. ಪ್ಲಗ್ ಕಿತ್ತರೂ ಏನೂ ಆಗುವುದಿಲ್ಲ. ಭಾನುವಾರ ಬಂದು ಬಟನ್ ಒತ್ತಿದರೆ ಶನಿವಾರ ಬಿಟ್ಟಲ್ಲಿಂದಲೇ ಶುರು. ವಿಂಡೋಸ್‌ನ ಮೆನುವಿನಲ್ಲಿ ಇದು ಕಾಣದೇ ಇರಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಜಾಗದಲ್ಲಿ ಟಿಕ್ ಹಾಕಿದರೆ ಬರುತ್ತದೆ.

ನಾಲ್ಕನೆಯದು ಮೂಲೆಗೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪ್. ವಿಡಿಯೋ ಚಿಕ್ಕದು ಮಾಡಲು ಅದಕ್ಕೆ ಶಕ್ತಿ ಇಲ್ಲ. ಆದರೆ ಅಪ್‌ಲೋಡ್‌ಗೆ ಬೇಕಾದ್ದು 14 ವಾಟ್ ಅಷ್ಟೇ. ಕರೆಂಟ್ ಹೋದರೆ ಅದರ ಬ್ಯಾಟರಿಯೇ ಯುಪಿಎಸ್. ರೂಟರ್‌ಗೂ ಒಂದು ಪುಟ್ಟ ಯುಪಿಎಸ್ ಹಾಕಿದ ಮೇಲೆ ರಾತ್ರಿ ಅಪ್‌ಲೋಡ್ ನಿಂತದ್ದೇ ಇಲ್ಲ. ಬಿಲ್ ಲೆಕ್ಕವೂ ಮುಖ್ಯ. ದಿನವಿಡೀ ಓಡಿದರೆ ಡೆಸ್ಕ್‌ಟಾಪ್ ತಿಂಗಳಿಗೆ 50 ಯೂನಿಟ್, ಲ್ಯಾಪ್‌ಟಾಪ್ 10. ಗೃಹ ಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಪೂರ್ತಿ ಸಿಗುವುದಿಲ್ಲ. ನಮ್ಮ ಹಳೆಯ ಸರಾಸರಿ 100 ಯೂನಿಟ್ ಇತ್ತು, ಅದರ ಮೇಲೆ ಶೇ. 10 ಸೇರಿ 110 ಮಾತ್ರ ಉಚಿತ. ಡೆಸ್ಕ್‌ಟಾಪ್ ಓಡಿಸಿದ ತಿಂಗಳು ಬಿಲ್ ಬಂತು.

ಲ್ಯಾಪ್‌ಟಾಪ್‌ಗೂ ಎಚ್ಚರ ಬೇಕು. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಗಾಳಿ ಹೋಗುವ ಕಿಂಡಿ ಮುಚ್ಚಿಹೋಗುತ್ತದೆ. ನಾನು ಕಡಪ ಕಲ್ಲಿನ ಶೆಲ್ಫ್ ಮೇಲೆ ಇಟ್ಟಿದ್ದೇನೆ, ಸುತ್ತ ಬಟ್ಟೆ, ಪೇಪರ್ ಏನೂ ಇಲ್ಲ. ಬ್ಯಾಟರಿ ಶೇ. 80ಕ್ಕೆ ನಿಲ್ಲುವ ಸೆಟ್ಟಿಂಗ್ ಹಾಕಿದ್ದೇನೆ. ಸದಾ ಪೂರ್ತಿ ತುಂಬಿ ಬಿಸಿಯಲ್ಲೇ ಇದ್ದರೆ ಬ್ಯಾಟರಿ ಬೇಗ ಹಾಳಾಗುತ್ತದೆ, ಊದಿಕೊಳ್ಳಲೂಬಹುದು. ಟಚ್‌ಪ್ಯಾಡ್ ಮೇಲೆದ್ದ ಹಾಗೆ ಕಂಡರೆ ಅದನ್ನು ಚಾರ್ಜ್‌ಗೇ ಹಾಕಬೇಡಿ.

ಏಪ್ರಿಲ್, ಮೇ ಬಂದಾಗ ಗುಡುಗು ಸಿಡಿಲಿನ ಮಳೆ ಶುರುವಾಯಿತು. ಪಕ್ಕದ ಮನೆಯವರು ಟಿವಿ ಸ್ವಿಚ್ ಆಫ್ ಮಾಡಿದ್ದರು, ಆದರೂ ಸೆಟ್ ಟಾಪ್ ಬಾಕ್ಸ್ ಸುಟ್ಟಿತು. ಗೋಡೆಯ ಸ್ವಿಚ್ ಸಾಮಾನ್ಯವಾಗಿ ಫೇಸ್ ತಂತಿಯನ್ನಷ್ಟೇ ಕತ್ತರಿಸುತ್ತದೆ. ನ್ಯೂಟ್ರಲ್ ಮೂಲಕ, ಕೇಬಲ್ ಮೂಲಕ ದಾರಿ ಇದ್ದೇ ಇರುತ್ತದೆ. ಹತ್ತಿರ ಬಿದ್ದ ಸಿಡಿಲನ್ನು ಸ್ಪೈಕ್ ಗಾರ್ಡ್ ತಡೆಯುತ್ತದೆ ಎಂದು ನಂಬಬೇಡಿ. ಪ್ಲಗ್ಗನ್ನೇ ಕೀಳಬೇಕು, ರೂಟರ್‌ನದೂ ಸೇರಿ.

ಇವನ್ನೆಲ್ಲ ನೋಡಿದ ಮೇಲೆ ನಮ್ಮ ಮನೆಯಲ್ಲಿ ಹೀಗೆ ನಡೆಯುತ್ತಿದೆ. ವಿಡಿಯೋ ಚಿಕ್ಕದು ಮಾಡುವ ಭಾರದ ಕೆಲಸ ಡೆಸ್ಕ್‌ಟಾಪ್‌ನಲ್ಲಿ, ಅದೂ ನಾವು ಎದ್ದಿರುವಾಗ. ಈಗ ಅದರ ಪ್ಲಗ್ ನೇರ ಗೋಡೆಯ ಹೊಸ ಸಾಕೆಟ್‌ಗೆ, ಅರ್ಥಿಂಗ್ ನೋಡಿಸಿದ್ದೇನೆ. ರಾತ್ರಿ ಅಪ್‌ಲೋಡ್ ಲ್ಯಾಪ್‌ಟಾಪ್‌ನಲ್ಲಿ, ಮಳೆ ಸೂಚನೆ ಇಲ್ಲದಿದ್ದರೆ. ಶನಿವಾರ ಬೀಗ ಹಾಕುವ ಮುಂಚೆ ಎರಡಕ್ಕೂ ಹೈಬರ್ನೇಟ್, ಆಮೇಲೆ ಪ್ಲಗ್ ಹೊರಗೆ. 600ರಲ್ಲಿ 470 ಜಿಬಿ ಏರಿದೆ. ಊರಿಗೆ ಹೊರಡುವಾಗ ಅವ್ವ ಗ್ಯಾಸ್ ಸಿಲಿಂಡರ್ ನೋಡಿ, ಆಮೇಲೆ ಆ ಶೆಲ್ಫ್ ಕಡೆ ಹೋಗಿ, ಪ್ಲಗ್ ಕೆಳಗೆ ಬಿದ್ದಿದೆಯಾ ಎಂದು ತಾವೇ ಒಮ್ಮೆ ನೋಡಿ ಬರುತ್ತಾರೆ.